ಹತ್ತೊಂಬತ್ತು ಚೀಟಿಗಳು

ಜುಲೈ ತಿಂಗಳ ಒಂದು ಶನಿವಾರ. ಕುಶಾಲನಗರದ ಒಂದು ಅಂಗಡಿಯ ಮಹಡಿಯಲ್ಲಿರುವ ನಮ್ಮ ಸಣ್ಣ ರೂಮಿನಲ್ಲಿ 19 ಮಕ್ಕಳು ಕೂತಿದ್ದರು. ಎಲ್ಲರೂ ಪಿಯುಸಿ ಓದುವವರು. ಹೊರಗೆ ಜಡಿಮಳೆ. ಬಾಗಿಲ ಹತ್ತಿರ ಬಿಚ್ಚಿಟ್ಟ ಕೊಡೆಗಳಿಂದ ನೀರು ಇಳಿದು ಚಾಪೆಯ ಅಂಚು ಒದ್ದೆಯಾಗಿತ್ತು. ಬೋರ್ಡಿನ ಮೇಲೆ 'ಪೌರತ್ವ' ಅಂತ ಬರೆದೆ. ಈ ಪದ ಕೇಳಿದ ತಕ್ಷಣ ಏನು ನೆನಪಾಗುತ್ತದೋ ಅದನ್ನು ಒಂದು ಚೀಟಿಯಲ್ಲಿ ಬರೆದುಕೊಡಿ, ಹೆಸರು ಹಾಕಬೇಡಿ ಅಂದೆ. ಐದು ನಿಮಿಷದಲ್ಲಿ ಚೀಟಿಗಳು ಬಂದವು.

'ಆಧಾರ್' ಅಂತ ನಾಲ್ಕು ಚೀಟಿ. 'ವೋಟು' ಅಂತ ಮೂರು. 'ಪಾಸ್‌ಪೋರ್ಟ್' ಎರಡು, 'ಕೆನಡಾ' ಒಂದು. 'ಹೈಸ್ಕೂಲಿನ ಪಾಠ' ಅಂತ ಎರಡು. 'ಆರ್ಮಿ' ಅಂತ ಎರಡು, ಕೊಡಗಿನಲ್ಲಿ ಅದು ಬರದೇ ಇರುತ್ತದಾ? ಆಮೇಲೆ ಒಂದರಲ್ಲಿ 'ಹಕ್ಕುಪತ್ರ'. ಇನ್ನೊಂದರಲ್ಲಿ 'ಆರ್‌ಸಿ ರಿನ್ಯೂವಲ್'. ಇನ್ನೊಂದರಲ್ಲಿ 'ಲೈನ್ ಮನೆಗೆ ಬಂದು ಕೇಳುವ ಕಾಗದ'. ಮತ್ತೊಂದರಲ್ಲಿ 'ನಮ್ಮ ಜನ ಕಡಿಮೆ ಆಗ್ತಿದ್ದಾರೆ'. ಕೊನೆಯ ಚೀಟಿ ಖಾಲಿ.

ಆ ದಿನ ನಾನು ತಯಾರಾಗಿ ಬಂದಿದ್ದು 'ಜಾಗತಿಕ ಪೌರತ್ವ'ದ ಬಗ್ಗೆ, ಅಂದರೆ ನಾವು ಒಂದು ದೇಶಕ್ಕಷ್ಟೇ ಅಲ್ಲ, ಇಡೀ ಪ್ರಪಂಚಕ್ಕೆ ಸೇರಿದವರು ಅನ್ನುವುದರ ಬಗ್ಗೆ ಮಾತಾಡಲು. ನೋಟ್ಸ್ ಬರೆದುಕೊಂಡಿದ್ದೆ. ಚೀಟಿಗಳನ್ನು ಓದಿದ ಮೇಲೆ ಆ ನೋಟ್ಸನ್ನು ಬ್ಯಾಗಿನಿಂದ ತೆಗೆಯಲೇ ಇಲ್ಲ.

ಈ ವಿಷಯ ಎಲ್ಲಿಂದ ಬಂತು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. 2012ರಲ್ಲಿ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿಯಾಗಿದ್ದ ಬಾನ್ ಕಿ ಮೂನ್ ಶಿಕ್ಷಣಕ್ಕಾಗಿ ಒಂದು ಅಭಿಯಾನ ಶುರು ಮಾಡಿದರು. ಎಲ್ಲ ಮಕ್ಕಳೂ ಶಾಲೆಗೆ ಬರಬೇಕು, ಕಲಿಕೆ ಚೆನ್ನಾಗಿರಬೇಕು, ಮೂರನೆಯದು ಮಕ್ಕಳಲ್ಲಿ ಜಾಗತಿಕ ಪೌರತ್ವದ ಭಾವನೆ ಬೆಳೆಯಬೇಕು ಅಂತ. 2015ರಲ್ಲಿ ದೇಶಗಳೆಲ್ಲ ಸೇರಿ 2030ರೊಳಗೆ ಮುಟ್ಟಬೇಕು ಅಂತ ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲೂ ಇದು ಸೇರಿತು, 4.7 ಅಂತ ಅದರ ನಂಬರ್. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಇದರ ಹೆಸರಿದೆ. ಕನ್ನಡದವರಿಗಂತೂ ಇದು ಹೊರಗಿನಿಂದ ಬಂದ ಮಾತೇ ಅಲ್ಲ. ಕುವೆಂಪು ಹುಟ್ಟಿದ ಡಿಸೆಂಬರ್ 29ನ್ನು ನಾವು ವಿಶ್ವಮಾನವ ದಿನ ಅಂತ ಆಚರಿಸುತ್ತೇವೆ. ಹುಟ್ಟುವಾಗ ಪ್ರತಿ ಮಗುವೂ ವಿಶ್ವಮಾನವ, ಆಮೇಲೆ ಅದನ್ನು ಸಣ್ಣದು ಮಾಡುವವರು ನಾವು ಅನ್ನುವುದು ಅವರ ಮಾತಿನ ತಿರುಳು. ನಾನೂ 11 ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವಳು. ವಿಶ್ವಮಾನವ ದಿನಕ್ಕೆ ಭಾಷಣ ಮಾಡಿದ್ದೇನೆ, ಮಕ್ಕಳ ಕೈಯಲ್ಲಿ ಚಾರ್ಟ್ ಬರೆಸಿದ್ದೇನೆ. ಬೇರೆ ಬೇರೆ ದೇಶದ ಬಾವುಟ, ಬಟ್ಟೆ, ಕೈ ಕೈ ಹಿಡಿದು ಭೂಮಿಯ ಸುತ್ತ ನಿಂತ ಮಕ್ಕಳ ಚಿತ್ರ. ಚಾರ್ಟ್ ಚೆನ್ನಾಗಿರುತ್ತಿತ್ತು.

ನನ್ನ ಪ್ರಶ್ನೆ ಇಷ್ಟೇ. ಒಳಗೊಳಗೇ ಬಿರುಕಿರುವ ಊರಿನಲ್ಲಿ ಈ ಪಾಠ ಮಾಡಿದರೆ ಮಕ್ಕಳ ಕಿವಿಗೆ ಅದು ಹೇಗೆ ಕೇಳಿಸುತ್ತದೆ?

ಕೊಡಗನ್ನು ಬಿರುಕಿರುವ ಊರು ಅಂದರೆ ಕೆಲವರಿಗೆ ಬೇಜಾರಾಗುತ್ತದೆ, ಗೊತ್ತು. ನನ್ನ ಮನೆಮಾತು ಅರೆಭಾಷೆ, ನಾನು ಹುಟ್ಟಿ ಬೆಳೆದಿದ್ದು ಇಲ್ಲೇ, ನನಗೂ ಈ ಮಣ್ಣಿನ ಮೇಲೆ ಅಷ್ಟೇ ಪ್ರೀತಿ. ಆದರೂ ಹೇಳಬೇಕು. 2011ರ ಜನಗಣತಿ ಪ್ರಕಾರ ಜಿಲ್ಲೆಯಲ್ಲಿರುವುದು ಐದೂವರೆ ಲಕ್ಷ ಜನ, ರಾಜ್ಯದಲ್ಲೇ ಅತಿ ಕಡಿಮೆ. ಅಷ್ಟರಲ್ಲೇ ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮಲಯಾಳ, ತುಳು, ಬ್ಯಾರಿ, ಯರವ, ಕುರುಬ, ತಮಿಳು, ಈಗ ಅಸ್ಸಾಮಿ, ಬಂಗಾಳಿ. ಒಬ್ಬೊಬ್ಬರಿಗೂ ಒಂದೊಂದು ಸಮಾಜ, ಒಂದೊಂದು ಕಲ್ಯಾಣ ಮಂಟಪ, ಆಟಕ್ಕೂ ಒಂದೊಂದು ಟೂರ್ನಿ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ 2024ರಲ್ಲಿ ನಾಪೋಕ್ಲಿನಲ್ಲಿ ನಡೆದಾಗ 360 ತಂಡ ಆಡಿದವು. ಪ್ರಪಂಚದಲ್ಲಿ ಎಲ್ಲೂ ಕಾಣದ ಹಬ್ಬ ಅದು. ನಾನೂ ಹೋಗಿ ಗಂಟಲು ಕಟ್ಟುವಷ್ಟು ಕೂಗಿ ಬಂದೆ. ನಮ್ಮ ಗೌಡ ಕುಟುಂಬಗಳ ಕ್ರಿಕೆಟ್‌ಗೂ ಹೋಗುತ್ತೇನೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ತೊಟ್ಟಿಲಿನಿಂದ ಮದುವೆಯವರೆಗೆ ಬೇರೆಯವರ ಪಕ್ಕ ಕೂತು ಒಂದು ಊಟವನ್ನೂ ಮಾಡದೆ ಇಲ್ಲಿ ಒಂದು ಮಗು ಬೆಳೆದುಬಿಡಬಹುದು. ಯಾರಿಗೂ ಅದು ಕಣ್ಣಿಗೆ ಬೀಳುವುದೂ ಇಲ್ಲ.

ಹೊರಗಿನ ಪ್ರಪಂಚವಂತೂ ಕೊಡಗಿಗೆ ಹೊಸದಲ್ಲ. ರೋಬಸ್ಟಾ ರೇಟು ಲಂಡನ್ನಿನಲ್ಲಿ, ಅರೇಬಿಕಾ ರೇಟು ನ್ಯೂಯಾರ್ಕಿನಲ್ಲಿ ನಿಲ್ಲುತ್ತದೆ ಅಂತ ತೋಟದ ಮಕ್ಕಳಿಗೆ ಚಿಕ್ಕಂದಿನಿಂದಲೇ ಗೊತ್ತು. ಭಾರತದ ಕಾಫಿ ಅತಿ ಹೆಚ್ಚು ಹೋಗುವುದು ಇಟಲಿಗೆ. ಬ್ರೆಜಿಲ್‌ನಲ್ಲಿ ಮಳೆ ಕೈಕೊಟ್ಟರೆ ಸುಂಟಿಕೊಪ್ಪದ ಅಪ್ಪನ ಮುಖ ಅರಳುತ್ತದೆ. ಬ್ರೆಜಿಲ್ ಗೊತ್ತು, ಆದರೆ ಅದೇ ತೋಟದ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ಎಷ್ಟು ಮನೆ ಇವೆ ಅಂತ ಗೊತ್ತಿರುವುದಿಲ್ಲ. ಇದಕ್ಕೆ ಮತ್ತೆ ಬರುತ್ತೇನೆ.

ಮೊದಲು ಚೀಟಿಗಳು. ಹೆಸರು ಹಾಕದಿದ್ದರೂ ಮುಂದಿನ ವಾರಗಳಲ್ಲಿ ಒಬ್ಬೊಬ್ಬರಾಗಿ ತಾವೇ ಬಾಯಿಬಿಟ್ಟರು.

'ಹಕ್ಕುಪತ್ರ' ಅಂತ ಬರೆದವಳು ಯರವರ ಹುಡುಗಿ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲು ಕೆಡವಿದಾಗ ಅವಳಿಗೆ ಎಂಟು ವರ್ಷ. ಆಮೇಲೆ ಎಷ್ಟೋ ಕುಟುಂಬಗಳು ಬಸವನಹಳ್ಳಿಗೆ, ಬ್ಯಾಡಗೊಟ್ಟಕ್ಕೆ ಬಂದವು, ಅವುಗಳಲ್ಲಿ ಅವಳ ಮನೆಯೂ ಒಂದು. "ಅಲ್ಲಿ ಇದ್ದಾಗ ನೀವು ಇಲ್ಲಿಯವರಲ್ಲ ಅಂದ್ರು ಮಿಸ್. ನಾವು ಎಲ್ಲಿಯವರು ಅಂತ ಮಾತ್ರ ಯಾರೂ ಹೇಳ್ಲಿಲ್ಲ" ಅಂದಳು. ಅವಳ ಅಜ್ಜಿ, ಮುತ್ತಜ್ಜಿ ಎಲ್ಲ ಇದೇ ಕಾಡಿನಂಚಿನ ತೋಟಗಳಲ್ಲಿ ದುಡಿದವರು. ಕೊಡಗಿಗೆ ಇವರಿಗಿಂತ ಹಳಬರು ಯಾರಿದ್ದಾರೆ?

'ಆರ್‌ಸಿ' ಬರೆದವನು ಹೊಳೆಯಾಚೆಯವನು. ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿದರೆ ಮೈಸೂರು ಜಿಲ್ಲೆ, ಅಲ್ಲೇ ಬೈಲುಕುಪ್ಪೆ. 1960ರ ದಶಕದ ಶುರುವಿನಲ್ಲಿ ಟಿಬೆಟಿನಿಂದ ಬಂದವರಿಗೆ ಕಾಡು ಕಡಿದು ನೆಲೆ ಮಾಡಿಕೊಟ್ಟ ಜಾಗ. ಇವನ ಅಜ್ಜ ಆ ಕಾಡು ಕಡಿದವರಲ್ಲಿ ಒಬ್ಬರಂತೆ. ಅಪ್ಪ ಹುಟ್ಟಿದ್ದು ಇಲ್ಲೇ, ಇವನೂ ಇಲ್ಲೇ. ಆದರೂ ಮನೆಯಲ್ಲಿ ಎಲ್ಲರಿಗೂ ಇರುವುದು ವಿದೇಶೀಯರಿಗೆ ಕೊಡುವ ನೋಂದಣಿ ಪತ್ರ, ಅದೇ ಆರ್‌ಸಿ. ಅವಧಿ ಮುಗಿಯುವ ಮೊದಲು ಹೋಗಿ ನವೀಕರಿಸಬೇಕು. ಅವನ ಕನ್ನಡ ನನ್ನ ಕನ್ನಡದಷ್ಟೇ ಸಲೀಸು. ಅವನು ಕೇಳಿದ ಒಂದು ಮಾತು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ: "ಒಂದು ದೇಶಕ್ಕೂ ಪೌರ ಆಗದೆ ನೇರ ಪ್ರಪಂಚಕ್ಕೆ ಪೌರ ಆಗೋಕೆ ಆಗುತ್ತಾ ಮಿಸ್?" ಕೊಂಕು ಮಾತಲ್ಲ ಅದು. ನಿಜವಾಗಿ ಕೇಳಿದ್ದು.

'ಲೈನ್ ಮನೆಗೆ ಬಂದು ಕೇಳುವ ಕಾಗದ' ಅಸ್ಸಾಮಿನಿಂದ ಬಂದ ಕೂಲಿಯವರ ಮಗಳದು. ಅಪ್ಪ ಅಮ್ಮ ಸುಂಟಿಕೊಪ್ಪದ ಕಡೆ ಒಂದು ತೋಟದಲ್ಲಿದ್ದಾರೆ. ಇವಳು ಒಂದನೇ ಕ್ಲಾಸಿನಿಂದ ಸರ್ಕಾರಿ ಶಾಲೆ, ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ಕ್ಲಾಸಿಗೇ ಹೆಚ್ಚು ಮಾರ್ಕ್ಸ್. 2019ರ ಆಗಸ್ಟಿನಲ್ಲಿ ಅಸ್ಸಾಮಿನ ಪೌರತ್ವ ಪಟ್ಟಿ ಹೊರಬಂದಾಗ 19 ಲಕ್ಷ ಜನರ ಹೆಸರು ಬಿಟ್ಟುಹೋಯಿತು. ಇವಳ ಅಮ್ಮನ ಹೆಸರಿತ್ತು, ಅಜ್ಜಿಯ ಹೆಸರಿರಲಿಲ್ಲ. "ಅಪ್ಪ ಎಲ್ಲ ಕಾಗದಾನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮೇಲೊಂದು ಸೀರೆ ಸುತ್ತಿ ಟ್ರಂಕಿನ ತಳಕ್ಕೆ ಹಾಕ್ತಾರೆ. ಯಾರಾದ್ರೂ ಬಂದ್ರೆ ತೆಗೀಬೇಕು. ಸೀರೆ ಮಡಚಿ ಮಡಚಿ ಗೆರೆ ಬಿದ್ದಿದೆ" ಅಂದಳು. ಪೌರತ್ವ ಅಂದರೆ ಅವಳಿಗೆ ಆ ಸೀರೆ.

ಇಂಥ ಮಕ್ಕಳ ಮುಂದೆ ನಿಂತು, ನೀವೆಲ್ಲ ಪ್ರಪಂಚದ ಪೌರರು, ಗಡಿ ಎಲ್ಲ ಸುಳ್ಳು ಅಂತ ಹೇಳಿದರೆ? ಅವರು ಮರ್ಯಾದೆಗೆ ತಲೆ ಆಡಿಸುತ್ತಾರೆ ಅಷ್ಟೇ. ಪರೀಕ್ಷೆಯಲ್ಲಿ ಚೆನ್ನಾಗಿ ಬರೆದೂ ಬರುತ್ತಾರೆ.

ಮುಂದಿನ ಶನಿವಾರ ದಾರಿ ಬದಲಿಸಿದೆ. ಜನರಲ್ ತಿಮ್ಮಯ್ಯನವರ ಕಥೆ ಹೇಳಿದೆ. ಮಡಿಕೇರಿಯಲ್ಲಿ ಅವರ ಪ್ರತಿಮೆ ನೋಡದ ಕೊಡಗಿನ ಮಗು ಇಲ್ಲ. ಅವರು ಹುಟ್ಟಿದ ಮನೆ 'ಸನ್ನಿ ಸೈಡ್' 2021ರಿಂದ ಮ್ಯೂಸಿಯಂ. ಅವರು ಎಲ್ಲಿ ತೀರಿಕೊಂಡರು ಅಂತ ಕೇಳಿದೆ. 'ಆರ್ಮಿ' ಅಂತ ಬರೆದಿದ್ದ ಇಬ್ಬರಲ್ಲಿ ಒಬ್ಬ ಸೈಪ್ರಸ್ ಅಂದ. ಸರಿ. 1964ರ ಜುಲೈನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಮುಖ್ಯಸ್ಥರಾಗಿ ಅಲ್ಲಿಗೆ ಹೋದರು, 1965ರ ಡಿಸೆಂಬರ್ 18ಕ್ಕೆ ಅಲ್ಲೇ ತೀರಿಕೊಂಡರು. ಸೈಪ್ರಸ್ ಅವರ ಹೆಸರಲ್ಲಿ ಅಂಚೆಚೀಟಿ ತಂದಿತು, ಲಾರ್ನಕದಲ್ಲಿ ಒಂದು ರಸ್ತೆಗೆ ಅವರ ಹೆಸರಿದೆ. ಸರಿ, ಸೈಪ್ರಸ್‌ನಲ್ಲಿ ಅವರು ಯಾರ ಯಾರ ನಡುವೆ ನಿಂತಿದ್ದರು, ಜಗಳ ಏನು ಅಂತ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ.

ನನಗೂ 30 ವರ್ಷ ದಾಟುವವರೆಗೆ ಗೊತ್ತಿರಲಿಲ್ಲ. ಗ್ರೀಕ್ ಮಾತಾಡುವವರು, ಟರ್ಕಿ ಭಾಷೆ ಮಾತಾಡುವವರು, ಒಂದೇ ಸಣ್ಣ ದ್ವೀಪದಲ್ಲಿ ಅಕ್ಕಪಕ್ಕ ಇದ್ದವರು. 1963ರ ಕೊನೆಯಲ್ಲಿ ಹೊಡೆದಾಟವಾದಾಗ ಒಬ್ಬ ಬ್ರಿಟಿಷ್ ಅಧಿಕಾರಿ ನಿಕೋಸಿಯಾ ಪಟ್ಟಣದ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದರು. ಅದಕ್ಕೇ ಅದು ಗ್ರೀನ್ ಲೈನ್. 1974ರಲ್ಲಿ ಟರ್ಕಿ ಸೇನೆ ಬಂದ ಮೇಲೆ ದ್ವೀಪವೇ ಎರಡಾಯಿತು. 2003ರವರೆಗೆ ಸಾಮಾನ್ಯ ಜನ ಆ ಗೆರೆ ದಾಟುವ ಹಾಗೇ ಇರಲಿಲ್ಲ. ಎರಡೂ ಕಡೆಯ ಮಕ್ಕಳು ಬೇರೆ ಬೇರೆ ಶಾಲೆಗಳಲ್ಲಿ, ಬೇರೆ ಬೇರೆ ಚರಿತ್ರೆ ಓದಿಕೊಂಡೇ ಬೆಳೆದರು.

ಉತ್ತರ ಐರ್ಲೆಂಡಿನ ಕಥೆಯನ್ನೂ ಹೇಳಿದೆ. 30 ವರ್ಷದ ಗಲಭೆಯಲ್ಲಿ 3,500ಕ್ಕೂ ಹೆಚ್ಚು ಜನ ಸತ್ತು, 1998ರಲ್ಲಿ ಒಪ್ಪಂದವಾದ ನಾಡು. ಕ್ಯಾಥೊಲಿಕ್ ಮಕ್ಕಳಿಗೆ ಒಂದು ಶಾಲೆ, ಪ್ರೊಟೆಸ್ಟೆಂಟ್ ಮಕ್ಕಳಿಗೆ ಇನ್ನೊಂದು. 1981ರಲ್ಲಿ ಕೆಲವು ತಂದೆತಾಯಂದಿರು ಸೇರಿ ಬೆಲ್‌ಫಾಸ್ಟಿನಲ್ಲಿ ಇಬ್ಬರಿಗೂ ಸೇರಿದ ಶಾಲೆ ತೆರೆದರು, 28 ಮಕ್ಕಳಿಂದ ಶುರು. ಇಷ್ಟು ವರ್ಷವಾದರೂ ಅಂಥ ಶಾಲೆಗಳಿಗೆ ಹೋಗುವವರು ನೂರಕ್ಕೆ ಏಳೆಂಟು ಮಕ್ಕಳು. 2007ರಲ್ಲಿ ಅಲ್ಲಿನ ಶಾಲೆಗಳಿಗೆ ಒಂದು ವಿಷಯ ತಂದರು. ಅದರ ಹೆಸರು ನನಗೆ ತುಂಬಾ ಇಷ್ಟ: 'ಸ್ಥಳೀಯ ಮತ್ತು ಜಾಗತಿಕ ಪೌರತ್ವ'. ಊರು ಮೊದಲು, ಜಗತ್ತು ಆಮೇಲೆ, ಎರಡೂ ಒಂದೇ ಉಸಿರಿನಲ್ಲಿ. ಆದರೆ ಅಲ್ಲೂ ಎಷ್ಟೋ ಶಿಕ್ಷಕರು ದೂರದ ಬಡತನ, ಪರಿಸರ ಅಂತ ಸುಲಭದ್ದನ್ನು ಹಿಡಿದು ಊರಿನ ಜಗಳದ ಹತ್ತಿರ ಹೋಗುವುದಿಲ್ಲ ಅಂತ ಅಲ್ಲಿ ಅಧ್ಯಯನ ಮಾಡಿದವರು ಬರೆದಿದ್ದಾರೆ. ಓದುವಾಗ ನನ್ನ ಬಗ್ಗೆಯೇ ಬರೆದ ಹಾಗಿತ್ತು.

ಅಲ್ಲಿ ಹೊಸಬರು ಸಿಕ್ಕರೆ ನೇರವಾಗಿ ಧರ್ಮ ಕೇಳುವುದಿಲ್ಲವಂತೆ. ಹೆಸರು ಕೇಳುತ್ತಾರೆ, ಯಾವ ಶಾಲೆ ಅಂತ ಕೇಳುತ್ತಾರೆ, ಇಂಗ್ಲಿಷಿನ 'ಎಚ್' ಅಕ್ಷರವನ್ನು 'ಏಚ್' ಅಂತಾರಾ 'ಹೇಚ್' ಅಂತಾರಾ ಅಂತ ಕಿವಿ ಕೊಡುತ್ತಾರೆ. ಅಷ್ಟರಲ್ಲೇ ಎಲ್ಲ ಗೊತ್ತಾಗಿಬಿಡುತ್ತದೆ. ಇದನ್ನು ಹೇಳಿದಾಗ ಮಕ್ಕಳು ನಕ್ಕರು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಅಂದ: "ನಮ್ಮಲ್ಲಿ ಮನೆ ಹೆಸರು ಕೇಳೋ ಹಾಗೆ."

ರೂಮು ಒಂದು ಕ್ಷಣ ಸುಮ್ಮನಾಯಿತು.

ಕೊಡಗಿನ ಹೊರಗಿನವರಿಗೆ ಇದರ ಭಾರ ಗೊತ್ತಾಗಲಿಕ್ಕಿಲ್ಲ. ಇಲ್ಲಿ ಯಾರೇ ಸಿಕ್ಕಲಿ, ಮೊದಲ ಮಾತು "ನಿಮ್ಮ ಮನೆ ಹೆಸರೇನು?" ಮನೆ ಹೆಸರು ಕೇಳಿದರೆ ಜಾತಿ, ಊರು, ನಂಟರು, ಎಷ್ಟು ಎಕರೆ ತೋಟ, ಕುರ್ಚಿ ಕೊಡಬೇಕಾ, ಜಗಲಿಯಲ್ಲೇ ನಿಲ್ಲಿಸಿ ಮಾತಾಡಬೇಕಾ ಅನ್ನುವುದೂ ಗೊತ್ತಾಗುತ್ತದೆ. ಹೇಳಲು ಮನೆ ಹೆಸರೇ ಇಲ್ಲದವರೂ ಇದ್ದಾರೆ. ಅಸ್ಸಾಮಿನ ಹುಡುಗಿ ಹೇಳಿದಳು, "ನನ್ನನ್ನ ಯಾರೂ ಮನೆ ಹೆಸರು ಕೇಳಲ್ಲ. ಯಾವ ತೋಟ ಅಂತ ಕೇಳ್ತಾರೆ."

ಅವತ್ತು ನನಗೆ ಹೊಳೆದಿದ್ದು ಇದು. ದೂರದ ಊರಿನ ಕಥೆಯಿಂದ ಮಕ್ಕಳಿಗೆ ಮಾತಾಡಲು ಧೈರ್ಯ ಬರುತ್ತದೆ. ಬೆಲ್‌ಫಾಸ್ಟಿನ ಜಗಳದಲ್ಲಿ ಇವರ ಅಪ್ಪ ಅಮ್ಮ ಯಾರೂ ಇಲ್ಲ, ಹಾಗಾಗಿ ಯಾರಿಗೂ ನೋವಾಗುವ ಹೆದರಿಕೆ ಇಲ್ಲ. ಅಲ್ಲಿಂದ ಸುತ್ತಿ ಬಳಸಿ ತಾವೇ ಮಡಿಕೇರಿಗೆ ಬರುತ್ತಾರೆ. ಬರಲು ಬಿಡಬೇಕು. ಬೆಲ್‌ಫಾಸ್ಟಿನಲ್ಲೇ ನಿಲ್ಲಿಸಿ ಬೆಲ್ ಹೊಡೆದರೆ ಕಲಿತಂತಾಗುವುದಿಲ್ಲ. ಒಬ್ಬಳು ಹುಡುಗಿ ಇದನ್ನು ನನಗಿಂತ ಚೆನ್ನಾಗಿ ಹೇಳಿದಳು: "ಡಿಬೇಟ್‌ನಲ್ಲಿ ಉಕ್ರೇನ್ ಬಗ್ಗೆ ಮಾತಾಡಿದೀನಿ, ಗಾಜಾ ಬಗ್ಗೆ ಮಾತಾಡಿದೀನಿ, ಪ್ರೈಜೂ ಬಂದಿದೆ. 2022ರಲ್ಲಿ ನಮ್ಮಕ್ಕ ಸ್ಕಾರ್ಫ್ ಹಾಕ್ಕೊಂಡು ಕಾಲೇಜ್ ಗೇಟಿನ ಹೊರಗೆ ನಿಂತಿದ್ಲಲ್ಲ, ಅದರ ಬಗ್ಗೆ ಒಂದು ಮಾತೂ ಯಾರೂ ಕೇಳ್ಲಿಲ್ಲ."

ಅವತ್ತು ಒಂದು ಕೆಲಸ ಮಾಡಿದೆವು. ದೊಡ್ಡ ಡ್ರಾಯಿಂಗ್ ಹಾಳೆ ಕೊಟ್ಟೆ. ನಿಮ್ಮ ಮನೆ ಮಧ್ಯದಲ್ಲಿ ಬರೆದು ಸುತ್ತಮುತ್ತಲಿನ ನಕ್ಷೆ ಮಾಡಿ, ಯಾರ ಮನೆಯ ಅಡುಗೆಮನೆವರೆಗೆ ಹೋಗಿದ್ದೀರೋ ಅದಕ್ಕೆ ಕೆಂಪು, ಜಗಲಿವರೆಗೆ ಹೋಗಿದ್ದರೆ ನೀಲಿ, ಹೋಗಿಯೇ ಇಲ್ಲದಿದ್ದರೆ ಬಣ್ಣ ಬೇಡ ಅಂದೆ. ಮುಕ್ಕಾಲು ಗಂಟೆ ತಲೆ ಎತ್ತದೆ ಕೂತು ಮಾಡಿದರು.

ತೋಟದ ಮನೆಯ ಒಬ್ಬಳ ನಕ್ಷೆ ಅಚ್ಚುಕಟ್ಟಾಗಿತ್ತು. ಮನೆ, ಕಾಫಿ ಕಣ, ಪಲ್ಪರ್ ಶೆಡ್ಡು, ಕೆರೆ, ದೊಡ್ಡಪ್ಪನ ಮನೆ, ಇನ್ನೊಂದು ದೊಡ್ಡಪ್ಪನ ಮನೆ, ಐನ್‌ಮನೆ, ಎಲ್ಲ ಕೆಂಪು. ಕಣದ ಹಿಂದೆ ಒಂದು ಉದ್ದ ಚೌಕ, ಒಳಗೆ 'ಲೈನ್' ಅಂತ ಬರೆದಿದ್ದಳು. ಬಾಗಿಲಿಲ್ಲ, ಕಿಟಕಿ ಇಲ್ಲ, ಬಣ್ಣವೂ ಇಲ್ಲ. ಅದನ್ನು ತಾನೇ ನೋಡುತ್ತಾ ಸ್ವಲ್ಪ ಹೊತ್ತು ಕೂತಿದ್ದಳು. "ಒಳಗೆ ಎಷ್ಟು ಮನೆ ಇವೆ ಅಂತ ನಂಗೆ ಗೊತ್ತಿಲ್ಲ ಮಿಸ್. ನಾನು ಹುಟ್ಟಿದಾಗಿಂದ ಇದೆ ಅದು."

ಅಸ್ಸಾಮಿನ ಹುಡುಗಿಯ ನಕ್ಷೆ ಇನ್ನೊಂದು ಥರ. ಲೈನಿನ ಎಂಟು ಮನೆಗಳನ್ನೂ ಬಿಡಿಸಿದ್ದಳು, ಎಂಟಕ್ಕೂ ಕೆಂಪು. ತಮಿಳಿನವರ ಮನೆಯೂ ಯರವರ ಮನೆಯೂ ಅದರಲ್ಲಿ ಸೇರಿತ್ತು. ಆದರೆ ಹಾಳೆಯಲ್ಲಿ ಹೆಚ್ಚು ಜಾಗ ಹಿಡಿದಿದ್ದು ಸಾಹುಕಾರರ ಮನೆ. ಅವಳು ಎಂದೂ ಒಳಗೆ ಹೋಗಿರದ ಮನೆ. ಹಿಂದಿನ ಬಾಗಿಲು, ಅದರ ಮೂರು ಮೆಟ್ಟಿಲು, ಬಟ್ಟೆ ಒಗೆಯುವ ಕಲ್ಲು, ಸೌದೆ ಕೊಟ್ಟಿಗೆ, ನಾಯಿ ಕಟ್ಟುವ ಜಾಗ, ಕಿಟಕಿಯ ಕೆಳಗೆ ಒಂದು ಸಣ್ಣ ಹಲಗೆ. ಹಲಗೆ ಮೇಲೆ ಆರು ಲೋಟ ಬೋರಲು ಹಾಕಿದ್ದಳು. ಅವು ಏನು ಅಂತ ಕೇಳಿದೆ. "ನಮ್ಮಮ್ಮನಂಥ ಕೆಲಸದವರಿಗೆಲ್ಲ ಟೀ ಕೊಡೋ ಲೋಟ. ಕುಡಿದು ತೊಳೆದು ಅಲ್ಲೇ ಇಡ್ಬೇಕು" ಅಂದಳು. ದೂರು ಹೇಳುವ ದನಿ ಇರಲಿಲ್ಲ. ಇದ್ದದ್ದನ್ನು ಬರೆದಿದ್ದಳು, ಅಷ್ಟೇ.

ಎರಡು ಹಾಳೆಗಳೂ ಅಕ್ಕಪಕ್ಕ ನೆಲದ ಮೇಲಿದ್ದವು. ತೋಟ ಬೇರೆ ಬೇರೆ, ಆದರೂ ಒಂದೇ ಜಾಗವನ್ನು ಎರಡು ಕಡೆಯಿಂದ ಬರೆದ ಹಾಗೆ. ನಾನು ಏನೂ ಹೇಳಲಿಲ್ಲ, ಮಕ್ಕಳೇ ಬಗ್ಗಿ ಬಗ್ಗಿ ನೋಡಿದರು.

ಎಲ್ಲ ಮಕ್ಕಳಿಗೂ ಇದೆಲ್ಲ ಇಷ್ಟವಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. 'ನಮ್ಮ ಜನ ಕಡಿಮೆ ಆಗ್ತಿದ್ದಾರೆ' ಅಂತ ಬರೆದ ಕೊಡವರ ಹುಡುಗ ಮೂರನೇ ವಾರ ನೇರವಾಗಿ ಕೇಳಿದ. "ಎಲ್ಲರೂ ಒಂದೇ, ಗಡಿ ಬೇಡ ಅಂತ ಹೇಳೋದು ಜಾಸ್ತಿ ಜನ ಇರೋರಿಗೆ ಸುಲಭ ಮಿಸ್. ನಾವು ಇರೋದೇ ಇಷ್ಟು. ನಮ್ಮ ಭಾಷೆ ನಮ್ಮ ಮನೇಲೇ ನಿಂತೋಗ್ತಿದೆ. ತಂಗಿ ಇಂಗ್ಲಿಷಲ್ಲೇ ಉತ್ತರ ಕೊಡ್ತಾಳೆ. ವಿಶ್ವ ಪೌರ ಅಂದ್ರೆ ನಮಗೆ ಕರಗಿ ಹೋಗು ಅಂದ ಹಾಗೆ ಕೇಳುತ್ತೆ."

ಈ ಮಾತನ್ನು ಹಗುರವಾಗಿ ತಗೊಳ್ಳಬಾರದು. 2011ರ ಜನಗಣತಿಯಲ್ಲಿ ಕೊಡವ ತಕ್ಕ್ ಮಾತೃಭಾಷೆ ಅಂದವರು 1.13 ಲಕ್ಷ. ಯುನೆಸ್ಕೊ ಇದನ್ನು ಅಪಾಯದಲ್ಲಿರುವ ಭಾಷೆಗಳ ಪಟ್ಟಿಗೆ ಸೇರಿಸಿದೆ. ಜಗತ್ತಿನ ಮಕ್ಕಳಿಗೆ ಜಾಗತಿಕ ಪೌರತ್ವ ಕಲಿಸಿ ಅಂತ ಹೇಳುತ್ತಿರುವುದೂ ಅದೇ ಯುನೆಸ್ಕೊ. ಎರಡೂ ಒಂದೇ ಮನೆಯಿಂದ ಬಂದ ಮಾತು, ಆದರೆ ಪಾಠ ಮಾಡುವಾಗ ನಾವು ಒಂದನ್ನು ಮಾತ್ರ ಹೇಳುತ್ತೇವೆ. 2024ರ ಡಿಸೆಂಬರಿನಲ್ಲಿ ಒಂದು ಊರಿನ ದೇವಸ್ಥಾನದ ಹಬ್ಬದಲ್ಲಿ ಸಾಂಪ್ರದಾಯಿಕ ಉಡುಪಿನ ವಿಚಾರಕ್ಕೆ ಕೊಡವರಿಗೂ ನಮ್ಮ ಗೌಡರಿಗೂ ಜಗಳವಾಗಿ, ಮುಂದಿನ ಫೆಬ್ರವರಿಯಲ್ಲಿ ಕೊಡವರು ಕುಟ್ಟದಿಂದ ಮಡಿಕೇರಿವರೆಗೆ ನಡೆದು ಬಂದರು. ನನ್ನ ವಾಟ್ಸಾಪ್ ಗುಂಪುಗಳಲ್ಲಿ ಆಗ ಏನೇನು ಬಂತು ಅಂತ ಇಲ್ಲಿ ಬರೆಯುವುದಿಲ್ಲ. ಆ ಹುಡುಗ ನಡೆದವರಲ್ಲಿದ್ದ. ನಾನು ಯಾರ ಮನೆಯವಳು ಅಂತ ಅವನಿಗೆ ಗೊತ್ತು. ಆದರೂ ಪ್ರತಿ ಶನಿವಾರ ಬರುತ್ತಾನೆ.

ಅವನಿಗೆ ಉತ್ತರ ಕೊಟ್ಟಿದ್ದು ನಾನಲ್ಲ, ಯರವರ ಹುಡುಗಿ. "ನಿಮ್ಮ ಭಾಷೆಗೆ ಅಕಾಡೆಮಿ ಇದೆ. ಮಿಸ್ಸಿನ ಭಾಷೆಗೂ ಅಕಾಡೆಮಿ ಇದೆ. ನಾನು ಐದನೇ ಕ್ಲಾಸಲ್ಲಿ ನಮ್ಮ ಮಾತು ಆಡಿದ್ರೆ ಎಲ್ಲ ನಗ್ತಿದ್ರು. ಆಮೇಲೆ ಬಿಟ್ಟೆ." ಅವನು ನೆಲ ನೋಡುತ್ತಾ ಕೂತ. ಸ್ವಲ್ಪ ಹೊತ್ತಾದ ಮೇಲೆ, "ಮಳೆಗೆ ನಿಮ್ಮಲ್ಲಿ ಏನಂತೀರಿ?" ಅಂತ ಕೇಳಿದ. ಅವಳು ಹೇಳಿದಳು. ಮನೆಗೆ, ನೀರಿಗೆ, ಹುಲಿಗೆ, ಅಂತ ಒಂದೊಂದೇ ಕೇಳುತ್ತಾ ಹೋದ. ತನ್ನ ಭಾಷೆಯದ್ದನ್ನೂ ಹೇಳಿದ. ಎಷ್ಟೋ ಪದ ಹತ್ತಿರ ಹತ್ತಿರ ಇದ್ದವು. ನಾನು ಅರೆಭಾಷೆಯದು ಸೇರಿಸಿದೆ. ಮನೆಗೆ ಹೋಗುವ ಹೊತ್ತಾದರೂ ಯಾರೂ ಏಳಲಿಲ್ಲ.

ಬೋಸ್ನಿಯಾದ ಯಾಯ್ಟ್ಸೆ ಅನ್ನುವ ಊರಿನ ಮಕ್ಕಳ ಬಗ್ಗೆ ಹೇಳಿದಾಗ ಎಲ್ಲರ ಕಣ್ಣು ಹೊಳೆಯಿತು. ಯುದ್ಧದ ಮೇಲೆ ಆ ದೇಶದಲ್ಲಿ ಎಷ್ಟೋ ಕಡೆ ಒಂದೇ ಕಟ್ಟಡದಲ್ಲಿ ಎರಡು ಶಾಲೆ. ಒಂದು ಜನಾಂಗದ ಮಕ್ಕಳು ಒಂದು ಬಾಗಿಲಿನಿಂದ, ಇನ್ನೊಂದು ಜನಾಂಗದವರು ಇನ್ನೊಂದು ಬಾಗಿಲಿನಿಂದ. ಯಾಯ್ಟ್ಸೆಯಲ್ಲೂ ಮಕ್ಕಳನ್ನು ಹಾಗೆ ಬೇರೆ ಮಾಡಲು ಹೊರಟಾಗ 2016, 2017ರಲ್ಲಿ ಹೈಸ್ಕೂಲು ಮಕ್ಕಳೇ ಬೀದಿಗಿಳಿದರು. ನಮಗೆ ಬೇರೆ ಶಾಲೆ ಬೇಡ ಅಂತ ಹಟ ಹಿಡಿದು ಆ ಯೋಜನೆಯನ್ನೇ ನಿಲ್ಲಿಸಿದರು. 2018ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಪ್ರಶಸ್ತಿಯೂ ಬಂತು. "ನಮ್ಮ ವಯಸ್ಸಿನವರಾ?" ಅಂತ ಮೂರು ಸಲ ಕೇಳಿದರು.

ಅದಾದ ಮೇಲೆ ನಾನು ತಪ್ಪಿಸಿಕೊಳ್ಳುತ್ತಿದ್ದ ಪ್ರಶ್ನೆ ಬಂತು. 2015ರ ಬಗ್ಗೆ ಯಾಕೆ ಯಾರೂ ನಮಗೆ ಹೇಳಿಲ್ಲ?

2015ರ ನವೆಂಬರ್ 10, ಮಡಿಕೇರಿ. ಸರ್ಕಾರ ಆ ವರ್ಷ ಟಿಪ್ಪು ಜಯಂತಿ ಶುರು ಮಾಡಿತ್ತು. ಗಲಭೆಯಾಯಿತು, ಜೀವಗಳು ಹೋದವು. 2019ರಲ್ಲಿ ಹೊಸ ಸರ್ಕಾರ ಆ ಆಚರಣೆಯನ್ನು ನಿಲ್ಲಿಸಿತು. ಇಷ್ಟು ಎಲ್ಲರಿಗೂ ಗೊತ್ತು. ನಾನು ಆಗ ಒಂದು ಹೈಸ್ಕೂಲಿನಲ್ಲಿದ್ದೆ. ಶಾಲೆ ಮತ್ತೆ ತೆರೆದ ದಿನ ಒಂಬತ್ತನೇ ಕ್ಲಾಸಿಗೆ ಹೋದರೆ, ಜೂನ್‌ನಿಂದ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಇಬ್ಬರು ಹುಡುಗರು ಬೇರೆ ಬೇರೆ ಕೂತಿದ್ದರು. ನಡುವೆ ಎರಡು ಬೆಂಚು. ಒಬ್ಬ ಹುಡುಗಿ ಎದ್ದು ನಿಂತು, "ಮಿಸ್, ಯಾಕೆ ಹೀಗಾಯ್ತು?" ಅಂತ ಕೇಳಿದಳು. ನಾನು, "ಅದೆಲ್ಲ ಈಗ ಬೇಡ, ಪುಸ್ತಕ ತೆಗೀರಿ" ಅಂದೆ. ಅವತ್ತಿನ ಪಾಠ ಯಾವುದು ಅಂತಲೂ ನೆನಪಿದೆ: ವಿಶ್ವಸಂಸ್ಥೆ. ಹತ್ತು ವರ್ಷವಾಯಿತು. ಆ ಎರಡು ಬೆಂಚಿನ ಜಾಗ ಇನ್ನೂ ಕಣ್ಣ ಮುಂದೆ ಬರುತ್ತದೆ. ಹೆದರಿಕೆ ಇತ್ತು ನಿಜ. ಹೆಡ್‌ಮಾಸ್ಟರು ಏನಂತಾರೋ, ಯಾರ ಮನೆಯಿಂದ ಫೋನ್ ಬರುತ್ತದೋ. ಆದರೆ ಹೇಗೆ ಮಾತಾಡಬೇಕು ಅಂತ ನನಗೆ ಯಾರೂ ಕಲಿಸಿರಲಿಲ್ಲ ಅನ್ನುವುದು ಅದಕ್ಕಿಂತ ದೊಡ್ಡ ಕಾರಣ. ಶಿಕ್ಷಕರ ತರಬೇತಿಯಲ್ಲಿ ಚಾರ್ಟ್ ಮಾಡುವುದು ಹೇಳಿಕೊಡುತ್ತಾರೆ. ಬೆಂಚು ಒಡೆದ ದಿನ ಏನು ಮಾಡಬೇಕು ಅಂತ ಹೇಳಿಕೊಡುವುದಿಲ್ಲ.

ಇದನ್ನು ಈ ಮಕ್ಕಳಿಗೆ ಹಾಗೇ ಹೇಳಿದೆ. ನಾನು ಆವತ್ತು ಸರಿ ಮಾಡಲಿಲ್ಲ ಅಂದೆ.

ಅವರೇ ಒಂದು ದಾರಿ ಹುಡುಕಿದರು. ಒಂದು ಉದ್ದ ಹಾಳೆ ತಗೊಂಡು, ಪ್ರತಿಯೊಬ್ಬರೂ 'ನಮ್ಮ ಮನೆಯಲ್ಲಿ ಹೇಳುವ ಕಥೆ' ಅಂತ ಬರೆಯುವುದು. ವಾದ ಮಾಡಬಾರದು, ಬೇರೆಯವರದನ್ನು ತಿದ್ದಬಾರದು, ಅರ್ಥವಾಗದಿದ್ದರೆ ಮಾತ್ರ ಕೇಳಬೇಕು. ಈ ನಿಯಮ ನನ್ನದಲ್ಲ, ಅವರದೇ. ಮುಂದಿನ ಶನಿವಾರಕ್ಕೆ ಮನೆಯಲ್ಲಿ ಕೇಳಿಕೊಂಡು ಬರುವುದು ಅಂತಾಯಿತು. ಆ ವಾರ ಒಬ್ಬ ಅಪ್ಪ ಫೋನ್ ಮಾಡಿದರು. ಒಳ್ಳೆಯ ಮಾತಿನಲ್ಲೇ ಹೇಳಿದರು, "ಓದಿಸಿ ಮೇಡಂ, ಇಂಗ್ಲಿಷ್ ಹೇಳಿಕೊಡಿ. ಆ ವಿಷಯ ಮಾತ್ರ ಬೇಡ, ಮಕ್ಕಳು ಅಲ್ವಾ." ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ, ನನ್ನದೂ ಅದೇ ಆಗಿತ್ತು. ಶನಿವಾರ 19ರಲ್ಲಿ 14 ಮಕ್ಕಳು ಬಂದರು.

ಒಬ್ಬ ತನ್ನ ಅಜ್ಜ ಹೇಳುವ ದೇವಟ್‌ಪರಂಬಿನ ಕಥೆ ಬರೆದ, ಟಿಪ್ಪುವಿನ ಕಾಲದಲ್ಲಿ ಕೊಡವರ ಹತ್ಯೆಯಾಯಿತು ಅಂತ ಹೇಳುವ ಜಾಗ ಅದು. 200 ವರ್ಷಕ್ಕಿಂತ ಹಿಂದಿನದು, ಆದರೆ ಅಜ್ಜ ನಿನ್ನೆ ನಡೆದ ಹಾಗೆ ಹೇಳುತ್ತಾರಂತೆ, ಹೇಳುವಾಗ ಊಟ ಬಿಡುತ್ತಾರಂತೆ. ಅದರ ಪಕ್ಕದಲ್ಲೇ ಸ್ಕಾರ್ಫಿನ ಹುಡುಗಿ ತನ್ನ ಅಮ್ಮನದನ್ನು ಬರೆದಳು: ಆವತ್ತು ಅಂಗಡಿ ಶಟರ್ ಒಳಗಿನಿಂದ ಎಳೆದುಕೊಂಡು, ಅಳುತ್ತಿದ್ದ ಏಳು ವರ್ಷದ ಇವಳ ಬಾಯಿಗೆ ಕೈ ಅಡ್ಡ ಇಟ್ಟು ಕೂತಿದ್ದು, ಎದುರು ಮನೆಯವರು ಹಿತ್ತಲಿನಿಂದ ಬಂದು ಕರೆದುಕೊಂಡು ಹೋಗಿದ್ದು. ಎದುರು ಮನೆಯವರು ಯಾರು ಅಂತ ಯಾರೋ ಕೇಳಿದರು. ಅವಳು ಮನೆ ಹೆಸರು ಹೇಳಲಿಲ್ಲ. "ಎದುರು ಮನೆ ಆಂಟಿ" ಅಂದಳು. ಟಿಬೆಟಿನ ಹುಡುಗ ತನ್ನ ಮನೆಯಲ್ಲಿ ಇದರ ಬಗ್ಗೆ ಯಾವ ಕಥೆಯೂ ಇಲ್ಲ, ಆ ವಾರ ಕೊಡಗಿನ ಕಡೆ ಹೋಗಬೇಡ ಅಂದಿದ್ದರು ಅಷ್ಟೇ ಅಂತ ಬರೆದ. 2018ರ ಮಳೆಯಲ್ಲಿ ಗುಡ್ಡ ಕುಸಿದಾಗ ಕ್ಯಾಂಪಿನಲ್ಲಿದ್ದ ಹುಡುಗನೊಬ್ಬ ಆ ವರ್ಷದ್ದನ್ನು ಕೆಳಗೆ ಸೇರಿಸಿದ. ಒಂದೇ ಹಂಡೆಯ ಗಂಜಿ, ಪಕ್ಕದಲ್ಲಿ ಯಾರು ಮಲಗಿದ್ದಾರೆ ಅಂತ ಯಾರೂ ಕೇಳದ 12 ರಾತ್ರಿ. ಅದು 2015ಕ್ಕೆ ಸೇರಿದ್ದಲ್ಲ ಅಂತ ಒಬ್ಬಳು ಅಂದಳು. ಇರಲಿ ಅಂತ ಉಳಿದವರು ಬಿಟ್ಟರು.

ಖಾಲಿ ಚೀಟಿ ಯಾರದು ಅಂತ ನನಗೆ ಈಗಲೂ ಗೊತ್ತಿಲ್ಲ. ನಾನು ಕೇಳಿಲ್ಲ.

ಹಾಳೆ ತುಂಬಿದ ಮೇಲೆ ಗೋಡೆಗೆ ಅಂಟಿಸೋಣವಾ ಅಂದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಕೊಡವರ ಹುಡುಗ, "ಈಗಲೇ ಬೇಡ ಮಿಸ್. ಐದು ಜನ ಬಂದಿಲ್ವಲ್ಲ, ಅವರದು ಬರೆಯೋಕೆ ಜಾಗ ಬಿಡ್ಬೇಕು" ಅಂದ. ಸ್ಕಾರ್ಫಿನ ಹುಡುಗಿ ಹಾಳೆಯ ಕೆಳಗೆ ಇನ್ನೊಂದು ಹಾಳೆ ಅಂಟಿಸಿದಳು. ಇಬ್ಬರೂ ಸೇರಿ ಅದನ್ನು ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಮಳೆ ನೀರು ತಾಗದ ಹಾಗೆ ಬೀರುವಿನ ಮೇಲಿನ ಖಾನೆಯಲ್ಲಿ ಇಟ್ಟರು.